ಕಡಲೆ ಹೊಲದ ಬದುವಿನಲ್ಲಿ ಜೀವವಿಜ್ಞಾನ

(ಎಳ್ಳಮಾವಾಸ್ಯೆಗೆ ಇನ್ನೂ ಕೆಲವು ದಿನಗಳಿದ್ದಾಗ, ವಿಜಯಪುರದಲ್ಲಿ ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ದಸರೆಯ ರಜೆಗೆ ಹೊರಟಿದ್ದ ನನ್ನ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಹಚ್ಚಿದ್ದೆ. ವಿಜಯದಶಮಿಯ ದಿನ ನಿಮ್ಮ ಊರಿನಲ್ಲಿ ಯಾವ ಎಲೆಯನ್ನು ಬನ್ನಿ ಎಂದು ಕೈಗೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತೀರೋ, ಆ ಗಿಡದ ಒಂದು ಟೊಂಗೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಒತ್ತಿ ತನ್ನಿ ಎಂದಿದ್ದೆ. ‘ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ’ ಎಂಬ ಮಾತನ್ನು ನಾವೆಲ್ಲ ನಡೆಯಲು ಕಲಿತಾಗಿನಿಂದ ಕೇಳಿದ್ದೇವೆ. ಆದ್ದರಿಂದ ಇದು ಕಷ್ಟದ ಕೆಲಸವೇನೂ ಆಗಿರಲಿಲ್ಲ.

ರಜೆ ಮುಗಿದ ಮೇಲೆ ಮೇಜಿನ ಮೇಲೆ ಟೊಂಗೆಗಳನ್ನು ಸಾಲಾಗಿ ಹರಡಿದೆವು. ಇಂಡಿ ತಾಲ್ಲೂಕಿನ ಕಡೆಯಿಂದ ಬಂದ ಟೊಂಗೆಯಲ್ಲಿ ಪ್ರತಿ ಎಲೆಗೂ ಎರಡು ಜೊತೆ ಕವಲು, ಕವಲಿನ ತುಂಬ ಸಣ್ಣ ಸಣ್ಣ ಕಿರುಎಲೆಗಳು. ಮುಳ್ಳುಗಳು ಮೊಂಡಾಗಿ, ಬುಡ ಅಗಲವಾಗಿ, ಟೊಂಗೆಯ ಮೇಲೆ ಎಲ್ಲೆಂದರಲ್ಲಿ ಚೆದುರಿದ್ದವು. ಬಾದಾಮಿಯ ಗುಡ್ಡದ ಕಡೆಯ ಹುಡುಗಿ ತಂದ ಟೊಂಗೆ ದೂರದಿಂದ ಅದರಂತೆಯೇ ಕಂಡರೂ ಕವಲುಗಳು ನಾಲ್ಕೈದು ಜೊತೆ ಇದ್ದವು, ಕಿರುಎಲೆಗಳು ಇನ್ನೂ ಒತ್ತಾಗಿದ್ದವು, ಕೊಕ್ಕೆಯಂತೆ ಬಾಗಿದ ಮುಳ್ಳುಗಳು ಎಲೆಯ ಬುಡದಲ್ಲಿ ಜೋಡಿಯಾಗಿ ಕುಳಿತಿದ್ದವು. ನಿಪ್ಪಾಣಿಯ ಹುಡುಗ ತಂದದ್ದರಲ್ಲಿ ಮುಳ್ಳೇ ಇರಲಿಲ್ಲ. ಒಂದೊಂದು ಎಲೆಯೂ ನಡುವೆ ಸೀಳಿ ಎತ್ತಿನ ಗೊರಸಿನಂತಿತ್ತು. ಅದು ಮರಾಠಿ ನಾಡಿನಲ್ಲಿ ದಸರೆಯ ‘ಸೋನಾ’ ಎಂದು ಹಂಚುವ ಆಪ್ಟಾ ಗಿಡ. ಮೂವರೂ ತಮ್ಮದೇ ನಿಜವಾದ ಬನ್ನಿ ಎಂದು ಹಟ ಹಿಡಿದರು. ಬಾದಾಮಿಯ ಹುಡುಗಿ ಮರುದಿನ ಅಜ್ಜಿಯನ್ನು ಫೋನಿನಲ್ಲಿ ಕೇಳಿ, ‘ನಮ್ಮ ಅಜ್ಜಿ ಅರವತ್ತು ವರ್ಷದಿಂದ ಇದೇ ಗಿಡಕ್ಕೆ ಸುತ್ತು ಬರುತ್ತಿದ್ದಾರೆ, ಸರ್’ ಎಂದಳು.

ಸಸ್ಯ ವರ್ಗೀಕರಣದ ಪಾಠ ಆ ಮೇಜಿನ ಬಳಿಯೇ ಶುರುವಾಯಿತು. ಅಲ್ಲಿಯವರೆಗೆ ನಾನು ಆ ಪಾಠವನ್ನು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಅವರಿಂದ ಆರಂಭಿಸುತ್ತಿದ್ದೆ. 1862ರಿಂದ 1883ರವರೆಗೆ ಅವರು ಹೊರತಂದ ಸಂಪುಟಗಳು, ಅವರ ವಿಂಗಡಣೆಯ ಗುಣ, ಅದರ ದೋಷ, ಹತ್ತು ಅಂಕದ ಪ್ರಶ್ನೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಒಪ್ಪಿಸುತ್ತಿದ್ದರು, ಮರೆಯುತ್ತಿದ್ದರು. ಮೂರು ಊರಿನ ಮೂರು ಬನ್ನಿ ಮುಂದಿದ್ದಾಗ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ, ಎಲ್ಲರೂ ಬಗ್ಗಿ ಮುಳ್ಳು ನೋಡುತ್ತಿದ್ದರು. ಒಂದು ಹೆಸರು ಮೂರು ಗಿಡಗಳಿಗೆ ಇದ್ದರೆ ನನ್ನ ಮಾತು ನಿಮಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಅವರೇ ಎತ್ತಿದರು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರು ಯಾಕೆ ಕೊಟ್ಟ ಎಂಬುದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಕ್ಕಿಲ್ಲ.

ಎಲೆ, ಮುಳ್ಳು ನೋಡಿದರೆ ಅರ್ಧ ತೀರ್ಪು ಸಿಕ್ಕೀತು. ಪೂರ್ತಿ ತೀರ್ಪಿಗೆ ಹೂವು ಬೇಕು, ದಸರೆಯಲ್ಲಿ ಹೂವಿಲ್ಲ. ಚಳಿ ಕಳೆದು ಬಿಸಿಲೇರುವವರೆಗೆ ಕಾದೆವು. ಇಂಡಿಯ ಗಿಡವೂ ಬಾದಾಮಿಯ ಗಿಡವೂ ತೆನೆಯಂಥ ಹಳದಿ ಗೊಂಚಲು ಬಿಟ್ಟವು. ಒಂದು ಪುಟ್ಟ ಹೂವನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟು ಕೇಸರಗಳನ್ನು ಎಣಿಸಿದರು. ಇಂಡಿಯ ಹೂವಿನಲ್ಲಿ ಸರಿಯಾಗಿ ಹತ್ತು. ಬಾದಾಮಿಯದರಲ್ಲಿ ಎಣಿಸಲಾಗದಷ್ಟು. ಮೊದಲನೆಯದು ಪ್ರೊಸೊಪಿಸ್ ಸಿನರೇರಿಯಾ. ರಾಜಸ್ಥಾನದವರು ಖೇಜ್ಡಿ ಎನ್ನುವುದು ಇದನ್ನೇ. ಈ ಮರಗಳನ್ನು ಕಡಿಯಬಾರದೆಂದು ತಬ್ಬಿ ನಿಂತು 1730ರಲ್ಲಿ 363 ಬಿಷ್ಣೋಯಿಗಳು ಜೀವ ಕೊಟ್ಟರು. ಎರಡನೆಯದು ಅಕೇಶಿಯಾ ಫೆರುಜೀನಿಯಾ, ಈಗಿನ ಹೆಸರು ಸೆನೆಗೇಲಿಯಾ ಫೆರುಜೀನಿಯಾ. ಆಪ್ಟಾ, ಬಾಹಿನಿಯಾ ರೆಸಿಮೋಸಾ. ಮೂರೂ ಒಂದೇ ಕುಟುಂಬದವು: ತೊಗರಿ, ಕಡಲೆ, ಶೇಂಗಾ ಸೇರುವ ದ್ವಿದಳದ ಕುಟುಂಬ. ಆ ಅಜ್ಜಿಯ ಮಾತೂ ತಪ್ಪಲ್ಲ. ಕನ್ನಡದಲ್ಲಿ ಮೊದಲ ಎರಡು ಗಿಡಗಳಿಗೂ ಬನ್ನಿ ಎಂಬ ಹೆಸರಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಹಳ್ಳಕೊಳ್ಳಗಳನ್ನೆಲ್ಲ ಮುತ್ತಿರುವ ಬಳ್ಳಾರಿ ಜಾಲಿಯನ್ನು ಪುಸ್ತಕಗಳು ಈಗಲೂ ಪ್ರೊಸೊಪಿಸ್ ಜೂಲಿಫ್ಲೋರಾ ಎಂದು ಬನ್ನಿಯ ಕುಲಕ್ಕೇ ಸೇರಿಸುತ್ತವೆ. ಅಮೆರಿಕ ಖಂಡದಿಂದ ಬಂದ ಅದನ್ನು 2022ರಲ್ಲಿ ಸಸ್ಯತಜ್ಞರು ಬೇರೆ ಮಾಡಿ ನೆಲ್ಟುಮಾ ಎಂಬ ಕುಲದಲ್ಲಿ ಇಟ್ಟರು. ವರ್ಗೀಕರಣ ಮುಗಿದುಹೋದ ಶಾಸ್ತ್ರ ಎಂದು ತಿಳಿದವರಿಗೆ ಇದೊಂದೇ ಉತ್ತರ ಸಾಕು.

ಪಾಲಕರೇ, ಈಗ ನಿಮ್ಮೊಡನೆ ಎರಡು ಮಾತು. ಈ ಸಭಾಂಗಣದಲ್ಲಿ ಕುಳಿತಿರುವ ಮಕ್ಕಳಲ್ಲಿ ಹೆಚ್ಚಿನವರು ನೀಟ್ ಬರೆದವರು. ಸೀಟು ಸಿಗಲಿಲ್ಲ, ಒಂದು ವರ್ಷ ಕಾಯ್ದರು, ಆಮೇಲೆ ‘ಹೋಗಲಿ, ಬಿ.ಎಸ್ಸಿ.ಗಾದರೂ ಹಚ್ಚೋಣ’ ಎಂದು ಬಂದವರು. ಆ ‘ಆದರೂ’ ಎಂಬ ಪದ ಮಕ್ಕಳ ಬೆನ್ನಿಗೆ ಮೂರು ವರ್ಷ ಅಂಟಿಕೊಂಡಿರುತ್ತದೆ. ಅದನ್ನು ಹೊತ್ತುಕೊಂಡೇ ತರಗತಿಗೆ ಬರುತ್ತಾರೆ, ಅದನ್ನು ಹೊತ್ತುಕೊಂಡೇ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ದಯವಿಟ್ಟು ಮನೆಯಲ್ಲಿ ಆ ಪದವನ್ನು ಬಿಡಿ. ಮಣ್ಣು, ಬೆಳೆ, ಕೀಟ, ಹಕ್ಕಿ, ನೀರು ಇವುಗಳ ನಡುವಿನ ನಂಟನ್ನು ತಿಳಿದವರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಿಗೆ ವೈದ್ಯರಷ್ಟೇ ಬೇಕಾಗಿದ್ದಾರೆ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ. ಯಾಕೆ ಎಂಬುದನ್ನು ಒಂದು ಹೊಲದಲ್ಲಿ ತೋರಿಸುತ್ತೇನೆ.

ಅದಕ್ಕೆ ಮೊದಲು ನಮ್ಮ ಪಠ್ಯಕ್ರಮದ ಸಂಗತಿ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟುವವರೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ನಾನು ಓದಿದ್ದು ಆ ಕಾಲದಲ್ಲಿ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಇಷ್ಟೆಲ್ಲ ಬದಲಾದರೂ ಒಂದು ಬದಲಾಗಿಲ್ಲ. ಸಸ್ಯಶಾಸ್ತ್ರಕ್ಕೆ ಒಂದು ಕೋಣೆ, ಪ್ರಾಣಿಶಾಸ್ತ್ರಕ್ಕೆ ಒಂದು ಕೋಣೆ, ಪರಿಸರ ವಿಜ್ಞಾನ ಎರಡೂ ಕಡೆ ಕೊನೆಯ ಘಟಕ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಘಟಕಕ್ಕೆ ಎರಡು ತಾಸು ಉಳಿದಿದ್ದರೆ ಪುಣ್ಯ. ನಾನೂ ಬಹಳ ವರ್ಷ ಹಾಗೆಯೇ ಕಲಿಸಿದೆ. ಆಹಾರ ಸರಪಳಿ ಎಂದರೆ ಹುಲ್ಲು, ಜಿಂಕೆ, ಸಿಂಹ ಎಂದು ಫಲಕದ ಮೇಲೆ ಬರೆದೆ. ಕಿಟಕಿಯ ಆಚೆ ಬಿಳಿಜೋಳ ತೂಗುತ್ತಿತ್ತು. ಅದರ ಕಡೆ ಒಮ್ಮೆಯೂ ಕೈ ತೋರಿಸಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈಗ ಹೊಲಕ್ಕೆ ಹೋಗೋಣ. ಹಿಂಗಾರಿ ಕಡಲೆಯ ಹೊಲ, ಎರೆ ಮಣ್ಣು. ಮಳೆ ನಿಂತ ಮೇಲೆ ಬಿತ್ತಿದ ಬೆಳೆ ಇದು, ನೆಲದೊಳಗೆ ಉಳಿದ ತೇವದಲ್ಲೇ ಬೆಳೆಯುತ್ತದೆ. ಬಿತ್ತಿ ತಿಂಗಳು ದಾಟಿದಾಗ ನಮ್ಮ ತಾಯಂದಿರು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಚಿವುಟಿದ್ದು ಉಡಿಯಲ್ಲಿ ತುಂಬಿ ಮನೆಗೆ ಬರುತ್ತದೆ, ಸಂಜೆಗೆ ಜೋಳದ ರೊಟ್ಟಿಯ ಜೊತೆ ಪಲ್ಯವಾಗುತ್ತದೆ. ಚಿವುಟಿದ ಗಿಡ ಅಗಲವಾಗಿ ಕವಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಸಸ್ಯ ಶರೀರಕ್ರಿಯೆಯ ಪಾಠದಲ್ಲಿ ಇದಕ್ಕೆ ತುದಿಮೊಗ್ಗಿನ ಯಜಮಾನಿಕೆ ಎನ್ನುತ್ತೇವೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಗಿನ ಮೊಗ್ಗುಗಳನ್ನು ಅದುಮಿ ಹಿಡಿದಿರುತ್ತದೆ, ತುದಿ ಹೋದರೆ ಅವು ಚಿಗುರುತ್ತವೆ. ವಿಜ್ಞಾನಿಗಳು ಪ್ರಯೋಗದಲ್ಲಿ ಇದನ್ನು ತೋರಿಸಿದ್ದು 1930ರ ದಶಕದಲ್ಲಿ. ಒಬ್ಬ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಚೆಂದದ ಉತ್ತರ ಬರೆದಿದ್ದಳು. ನಿಮ್ಮ ಹೊಲದಲ್ಲಿ ಕಡಲೆ ಕುಡಿ ಯಾಕೆ ಚಿವುಟುತ್ತಾರೆ ಎಂದು ಕೇಳಿದೆ. ‘ಪಲ್ಯಕ್ಕೆ’ ಎಂದಳು. ತಾಯಿಯ ಬೆರಳಿಗೂ ಮಗಳ ಉತ್ತರ ಪತ್ರಿಕೆಗೂ ನಡುವೆ ಆ ಗೋಡೆಯನ್ನು ಕಟ್ಟಿದವರು ನಾವು, ಕಲಿಸುವವರು.

ಅದೇ ಗಿಡವನ್ನು ಬೆಳಗಿನ ಜಾವ ಮುಟ್ಟಿ ನೋಡಿ. ಕೈಗೆ ಅಂಟುತ್ತದೆ, ನಾಲಿಗೆಗೆ ಹಚ್ಚಿದರೆ ಕಟುವಾದ ಹುಳಿ. ಸೂರ್ಯ ಏಳುವ ಮೊದಲು ತೆಳುವಾದ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಇಬ್ಬನಿಯ ಜೊತೆ ಹೀರಿಕೊಂಡ ನೀರನ್ನು ಹಿಂಡಿ ಬಾಟಲಿಯಲ್ಲಿ ಇಡುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಹೊಟ್ಟೆ ಕೆಟ್ಟಾಗ ‘ಕಡಲೆ ಹುಳಿ’ಯ ನಾಲ್ಕು ಹನಿ ನೀರಿಗೆ ಹಾಕಿ ಕೊಡುತ್ತಿದ್ದರು. ಅದು ಹೆಚ್ಚಾಗಿ ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್ ಆಮ್ಲ. ಒಂದು ಎಳೆ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅದು ಎಲ್ಲಿಂದ ಬರುತ್ತದೆ ಎಂಬುದೂ ಕಾಣುತ್ತದೆ: ಎಲೆಯ ಮೈತುಂಬ ಸಣ್ಣ ರೋಮಗಳು, ಕೆಲವು ರೋಮಗಳ ತಲೆ ಗುಂಡಗೆ ಉಬ್ಬಿದೆ, ಆ ತಲೆಯ ಮೇಲೆ ಹೊಳೆಯುವ ಒಂದು ಹನಿ. ಗ್ರಂಥಿರೋಮದ ಚಿತ್ರವನ್ನು ಪುಸ್ತಕದಿಂದ ನಕಲು ಮಾಡಿದ ಹುಡುಗರು ಆ ಹನಿಯನ್ನು ಕಂಡ ದಿನ ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ, ಹಿಂದೆ ನಿಂತವರು ಜಗಳ ತೆಗೆದರು.

ಗಿಡ ಈ ಹುಳಿಯನ್ನು ನಮ್ಮ ಹೊಟ್ಟೆನೋವಿಗಾಗಿ ಜಿನುಗಿಸುವುದಿಲ್ಲ. ಕಾಯಿಕೊರಕ ಹುಳುವಿನ ಎಳೆಯ ಮರಿಗಳಿಗೆ ಈ ಆಮ್ಲ ಒಗ್ಗುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೂ ಹುಳು ಸೋತಿಲ್ಲ. ಹೆಲಿಕೋವರ್ಪಾ ಎಂಬ ಈ ಪತಂಗದ ಮರಿ ಕಡಲೆ, ತೊಗರಿ, ಹತ್ತಿ, ಟೊಮ್ಯಾಟೊ ಎಲ್ಲವನ್ನೂ ತಿಂದು ಬದುಕುತ್ತದೆ, ಬಲಿತ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ರೈತ ಅದಕ್ಕೆ ಔಷಧಿ ಹೊಡೆಯುತ್ತಾನೆ, ಸಾಯದೆ ಉಳಿದವುಗಳ ಸಂತತಿಯೇ ಹೆಚ್ಚಿ, ಕೆಲವು ವರ್ಷಕ್ಕೆ ಆ ಔಷಧಿಗೂ ಅದು ಬಗ್ಗುವುದಿಲ್ಲ. ವಿಕಾಸವಾದವನ್ನು ಡಾರ್ವಿನ್ ಕಂಡ ಗಾಲಾಪಗಸ್ ದ್ವೀಪದ ಹಕ್ಕಿಗಳ ಕೊಕ್ಕಿನಿಂದಲೇ ಕಲಿಸಬೇಕೆಂದಿಲ್ಲ. ಆ ಹಕ್ಕಿಗಳ ಬಗ್ಗೆ ನನಗೆ ಗೌರವವಿದೆ, ಆದರೆ ಈ ಹುಳು ನಮ್ಮ ಮಕ್ಕಳ ಅಪ್ಪಂದಿರ ಸಾಲದ ಪುಸ್ತಕದಲ್ಲಿದೆ.

ಈಗ ಹಕ್ಕಿಗಳು ಬರುತ್ತವೆ. ಎಳ್ಳಮಾವಾಸ್ಯೆಯ ದಿನ ನಾವೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ. ಪೂಜೆಯಾದ ಮೇಲೆ, ಉಣ್ಣುವ ಮೊದಲು, ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಅನ್ನವನ್ನು ಹೊಲದ ತುಂಬ ಚೆಲ್ಲುತ್ತ ನಡೆದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಇದು ಚರಗ. ಭೂತಾಯಿಯ ಬಯಕೆ ತೀರಿಸುವುದು ಎಂದು ಹಿರಿಯರು ಹೇಳುತ್ತಾರೆ. ಅನ್ನಕ್ಕೆ ಬಂದ ಬೆಳ್ಳಕ್ಕಿ, ಗೊರವಂಕಗಳು ಕಡಲೆಯ ಹುಳುವನ್ನೂ ಹೆಕ್ಕುತ್ತವೆ ಎಂದೂ ಬಹಳ ಜನ ಹೇಳುತ್ತಾರೆ. ಒಂದು ವರ್ಷ ನನ್ನ ವಿದ್ಯಾರ್ಥಿಗಳು ಅದನ್ನು ಪರೀಕ್ಷಿಸಿಯೇ ಬಿಡೋಣ ಎಂದು ಹೊರಟರು. ಹಬ್ಬದ ಹಿಂದಿನ ದಿನ ಒಂದು ಮೀಟರ್ ಸಾಲಿನಲ್ಲಿ ಎಷ್ಟು ಹುಳು ಎಂದು ಹತ್ತು ಕಡೆ ಎಣಿಸುವುದು, ಹಬ್ಬದ ಮೂರು ದಿನದ ಮೇಲೆ ಮತ್ತೆ ಎಣಿಸುವುದು, ಚರಗ ಚೆಲ್ಲದ ಇನ್ನೊಂದು ಹೊಲದಲ್ಲೂ ಹಾಗೆಯೇ ಮಾಡುವುದು. ಯೋಜನೆ ಚೆನ್ನಾಗಿತ್ತು.

ಲೆಕ್ಕ ತಂದು ತೋರಿಸಿದಾಗ ನನಗೆ ಸಂಶಯ ಬಂತು. ಎಲ್ಲಿ ಎಣಿಸಿದಿರಿ ಎಂದು ನಕ್ಷೆ ಬರೆಯಲು ಹೇಳಿದೆ. ಇಪ್ಪತ್ತರಲ್ಲಿ ಹದಿನೇಳು ಗುರುತುಗಳು ಬದುವಿಗೆ ಅಂಟಿಕೊಂಡಿದ್ದವು. ಹೊಲದ ನಡುವೆ ಹೋದರೆ ಬೆಳೆ ತುಳಿದೀತು ಎಂಬ ಅಂಜಿಕೆ, ಚಪ್ಪಲಿಗೆ ಎರೆ ಮಣ್ಣು ಹತ್ತುತ್ತದೆ ಎಂಬ ಬೇಸರ. ಬದುವಿನಲ್ಲಿ ಜಾಲಿ ಗಿಡಗಳಿದ್ದವು, ಹಕ್ಕಿಗಳು ಅಲ್ಲೇ ಕೂರುತ್ತವೆ, ಚರಗ ಇರಲಿ ಬಿಡಲಿ ಅಲ್ಲಿ ಹುಳು ಕಡಿಮೆ ಇರಬಹುದು. ಅಂದರೆ ಅವರು ಎಣಿಸಿದ್ದು ಬದುವನ್ನು, ಹೊಲವನ್ನು ಎಣಿಸಿರಲಿಲ್ಲ. ಆ ಮಕ್ಕಳ ಮುಖ ಬಾಡಿತು. ನನಗೆ ಮಾತ್ರ ಆ ದಿನ ಸಂತೋಷವಾಗಿತ್ತು, ಯಾಕೆಂದರೆ ಯಾದೃಚ್ಛಿಕ ಮಾದರಿ ಎಂಬ ಪಾಠವನ್ನು ಅವರು ಇನ್ನು ಸಾಯುವವರೆಗೆ ಮರೆಯುವುದಿಲ್ಲ. ಮರುವರ್ಷ ಚೀಟಿ ಎತ್ತಿ ಸಾಲು ಆರಿಸಿದರು, ಬರಿಗಾಲಿನಲ್ಲಿ ಹೊಲದ ನಡುವೆ ನಡೆದರು. ಒಂದು ಹೊಲ, ಒಂದು ಹಬ್ಬದ ಲೆಕ್ಕ ಹಿಡಿದು ತೀರ್ಪು ಕೊಡಲು ಬರುವುದಿಲ್ಲ. ಹಲವು ಊರುಗಳ ಹೊಲ ಬೇಕು, ಹಲವು ವರ್ಷ ಬೇಕು. ನಿಮ್ಮಂಥ ನಲವತ್ತು ಮಕ್ಕಳು ನಲವತ್ತು ಹಳ್ಳಿಗಳಿಂದ ಬರುವ ಕಾಲೇಜಿಗಿಂತ ಅದಕ್ಕೆ ಒಳ್ಳೆಯ ಜಾಗ ಎಲ್ಲಿದೆ?

ಇನ್ನು ಗಿಡದ ಬೇರು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಎಬ್ಬಿಸಿ ನೀರಿನಲ್ಲಿ ತೊಳೆಯಿರಿ. ಬೇರಿನ ಮೇಲೆ ಗಂಟುಗಳಿವೆ. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪು ಛಾಯೆ, ಥೇಟ್ ಮಾಂಸದ ಬಣ್ಣ. ಅದು ಲೆಗ್‌ಹಿಮೋಗ್ಲೋಬಿನ್. 1939ರಲ್ಲಿ ಜಪಾನಿನ ಕುಬೊ ಎಂಬ ವಿಜ್ಞಾನಿ ಇದು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಎಂದು ಗುರುತಿಸಿದ. ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಆ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದು ಆ ಕೆಂಪು ಪ್ರೋಟೀನು: ಆಮ್ಲಜನಕವನ್ನು ಬಿಗಿಯಾಗಿ ಹಿಡಿದು, ಕಿಣ್ವಕ್ಕೆ ತಾಗದಂತೆ, ಬೇಕಾದಷ್ಟನ್ನೇ ಒಳಗೆ ಸಾಗಿಸುತ್ತದೆ.

ಈ ಮಾತನ್ನು ನೆನಪಿಟ್ಟುಕೊಂಡು ಆಲಮಟ್ಟಿಯ ಹಿನ್ನೀರಿನ ಕಡೆ ಬನ್ನಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವ ಹಾಗಿಲ್ಲ. ಟಿಬೆಟ್, ಮಂಗೋಲಿಯ, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬೆನ್ನಿಗೆ ಉಪಕರಣ ಕಟ್ಟಿ ಅಳೆದಾಗ 7000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಸಾಧ್ಯವಾಗುವ ಕಾರಣಗಳಲ್ಲಿ ಒಂದು ಅವುಗಳ ರಕ್ತದಲ್ಲಿದೆ. ಅವುಗಳ ಹಿಮೋಗ್ಲೋಬಿನ್ ಬಯಲಿನ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಕಡಲೆಯ ಬೇರಿನ ಕೆಂಪು, ಹೆಬ್ಬಾತಿನ ರಕ್ತದ ಕೆಂಪು, ನಿಮ್ಮ ಅಂಗೈಯ ಕೆಂಪು ಮೂರೂ ಒಂದೇ ಪ್ರೋಟೀನು ವಂಶದವು. ಗಿಡವೂ ಪ್ರಾಣಿಯೂ ಬೇರೆಯಾಗುವ ಮೊದಲಿನ ಪೂರ್ವಜರಿಂದ ಬಂದ ಆಸ್ತಿ ಅದು. ಎಳೆಯ ಹುಲ್ಲು, ಎಳೆಯ ಪೈರು ಮೇಯುವ ಈ ಹಕ್ಕಿ ಹಿನ್ನೀರಿನ ಅಂಚಿನ ಹೊಲಕ್ಕೆ ಇಳಿದಾಗ ಸಸ್ಯಶಾಸ್ತ್ರದ ಕೋಣೆ ಯಾವುದು, ಪ್ರಾಣಿಶಾಸ್ತ್ರದ ಕೋಣೆ ಯಾವುದು? ನನಗೆ ಈ ವಿಷಯವನ್ನು ಹೇಳುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಇಷ್ಟು ವರ್ಷ ಕಲಿಸಿದ ಮೇಲೂ.

ಕಪ್ಪೆಯ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ನಾವು ಓದುವಾಗ ಪ್ರತಿ ಪ್ರಾಕ್ಟಿಕಲ್‌ಗೂ ಕಪ್ಪೆ ಕೊಯ್ಯುತ್ತಿದ್ದೆವು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಆ ಜಾಗಕ್ಕೆ ಬರೀ ಪರದೆಯ ಮೇಲಿನ ಚಿತ್ರ ಬಂದರೆ ಸಾಲದು. ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ ಟಾರ್ಚ್ ಹಿಡಿದು ಹಳ್ಳದ ದಡಕ್ಕೆ ಹೋಗಿ, ಯಾವ ದನಿ ಯಾವ ಕಪ್ಪೆಯದು ಎಂದು ಗುರುತಿಸುವುದನ್ನು ಪಠ್ಯಕ್ರಮದಲ್ಲಿ ಸೇರಿಸಬೇಕು. ಅದಕ್ಕೆ ಅಂಕ ಕೊಡಬೇಕು.

ಪ್ರವಾಸದ ವಿಷಯದಲ್ಲೂ ನನ್ನ ಒಂದು ಬೇಡಿಕೆಯಿದೆ. ಅಧ್ಯಯನ ಪ್ರವಾಸ ಎಂದರೆ ಕಡಲ ತೀರಕ್ಕೆ ಹೋಗಿ ಶಂಖ, ಚಿಪ್ಪು ಆರಿಸಿ ಬರುವುದು ಎಂದಾಗಿದೆ. ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿನ ಬಾವಲಿ ಜಗತ್ತಿಗೆ ಮೊದಲು ಗೊತ್ತಾದದ್ದು ಆ ಗುಹೆಯಿಂದ, 1913ರಲ್ಲಿ. ಬಹಳ ದಶಕಗಳ ಕಾಲ ಅದು ಭೂಮಿಯ ಮೇಲೆ ಬೇರೆಲ್ಲೂ ಇಲ್ಲವೆಂದೇ ತಿಳಿದಿದ್ದರು. ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ, 1974ರಿಂದ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಹುಲ್ಲೆಗಳಿವೆ. ನೀರಿಲ್ಲದ ಕುರುಚಲು ಕಾಡಿನಲ್ಲಿ ಎಲೆಯ ತೇವದ ಮೇಲೆಯೇ ದಿನ ದೂಡಬಲ್ಲ ಪ್ರಾಣಿ ಅದು. ಇವೆಲ್ಲ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿವೆ. ಗುಹೆಗೆ ಗದ್ದಲ ಮಾಡುತ್ತ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಆ ಬಾವಲಿಯ ಹೆಸರನ್ನೇ ಕೇಳದೆ ಬೆಳಗಾವಿ ಜಿಲ್ಲೆಯ ಮಗುವೊಂದು ಪ್ರಾಣಿಶಾಸ್ತ್ರದ ಪದವಿ ಪಡೆಯಬಾರದು.

ಕೊನೆಯದಾಗಿ ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಇಲ್ಲಿ ಎಲ್ಲವೂ ಇಂಗ್ಲಿಷ್ ಎಂದು ನಡುಗುವ ಮಕ್ಕಳು ಬಹಳ ಇದ್ದೀರಿ. ಕಳೆದ ವಾರ ಒಬ್ಬ ಹುಡುಗ ಜರ್ನಲ್ ಒಪ್ಪಿಸುವಾಗ ತನ್ನ ಊರಿನ ಗಿಡದ ಹೆಸರನ್ನು ಹೊಡೆದುಹಾಕಿದ್ದ, ಕನ್ನಡದಲ್ಲಿದೆ ಎಂಬ ನಾಚಿಕೆಗೆ. ಹೊಡೆದುಹಾಕಬೇಡಿ, ಮಕ್ಕಳೇ. ಶಾಸ್ತ್ರೀಯ ಹೆಸರನ್ನು ಕಲಿಯಿರಿ, ತಪ್ಪಿಲ್ಲದೆ ಬರೆಯಿರಿ, ಅದರ ಪಕ್ಕದಲ್ಲಿ ನಿಮ್ಮ ಅಜ್ಜಿ ಕರೆಯುವ ಹೆಸರನ್ನು ಬರೆಯಿರಿ, ಯಾವ ಊರಿನಲ್ಲಿ ಆ ಹೆಸರು ಎಂದೂ ಬರೆಯಿರಿ. ಬನ್ನಿಯ ಜಗಳ ಬಗೆಹರಿದದ್ದು ಎರಡೂ ಹೆಸರುಗಳು ಒಂದೇ ಹಾಳೆಯ ಮೇಲೆ ಬಂದಾಗ.

ಬರುವ ಭಾನುವಾರ ಬೆಳಿಗ್ಗೆ ಐದೂವರೆಗೆ ಕಾಲೇಜಿನ ಗೇಟಿನ ಬಳಿ ಸೇರೋಣ. ಊರಾಚೆ ಒಬ್ಬ ರೈತರ ಕಡಲೆ ಹೊಲವಿದೆ, ಅವರ ಒಪ್ಪಿಗೆ ಪಡೆದಿದ್ದೇನೆ. ಗಂಜಿ ಹಾಕದೆ ಒಗೆದ ಒಂದು ಬಿಳಿ ಬಟ್ಟೆ ತನ್ನಿ, ಹಳೆಯ ಧೋತರದ ತುಂಡಾದರೂ ಆದೀತು. ಮುಚ್ಚಳವಿರುವ ಗಾಜಿನ ಬಾಟಲಿ ಒಂದು. ಚಪ್ಪಲಿ ಬದುವಿನ ಮೇಲೆ ಬಿಟ್ಟು ಒಳಗೆ ನಡೆಯಬೇಕು. ಬಿಸಿಲು ಬಿದ್ದರೆ ಇಬ್ಬನಿ ಆರಿಹೋಗುತ್ತದೆ, ಆದ್ದರಿಂದ ತಡ ಮಾಡಬೇಡಿ. ಪಾಲಕರು ಬರುವುದಾದರೆ ಬನ್ನಿ. ಮುಖ್ಯವಾಗಿ ತಾಯಂದಿರು: ಕುಡಿಯನ್ನು ಎಷ್ಟು ಉದ್ದಕ್ಕೆ, ಯಾವ ಗೆಣ್ಣಿನ ಮೇಲೆ ಚಿವುಟಬೇಕು ಎಂಬುದನ್ನು ಆ ದಿನ ನೀವೇ ಕಲಿಸಿಕೊಡಬೇಕು.